ಅಡ್ಕಕ್ಕೆ ಕ್ರಯ

ನಾಲ್ಕಕ್ಷರದವೆಲ್ಲ ಯಾವತ್ತೋ ಹೋಗಿವೆ ಮಾವ,
ಅಂದಳು ಹರಿಣಾಕ್ಷಿ, ಫೋನಿನಿಂದ ತಲೆಯೆತ್ತದೆ.
ಅಡ್ಕಕ್ಕೆ ಎರಡೇ ಅಕ್ಷರ, ಅಂದೆ ನಾನು.
ಕೈಯಲ್ಲಿ ಬ್ರಶ್ಶು, ಎದುರಿಗೆ ಪೆರ್ಲದ ಬೇಕರಿಯ ಬೋರ್ಡು,
ಸ್ವೀಟ್ಸಿನ ಎರಡೂ ಒತ್ತು ಇನ್ನೂ ಹಸಿ.

ಫ್ಲೆಕ್ಸ್ ಬಂದ ಮೇಲೆ ಹದಿನೈದು ವರ್ಷ ಮಲಗಿದ್ದ ಬ್ರಶ್ಶು.
ಈಗ ಕೈಬರಹವೇ ಬೇಕೆಂದು
ಕೊಚ್ಚಿಯ ಕಾಫಿ ಅಂಗಡಿಯವರು ಹುಡುಕುತ್ತಾರಂತೆ.
ಅಡ್ಕ ಆರ್ಟ್ಸಿಗೆ ಒಂದು ವೆಬ್‌ಸೈಟು ಬೇಕು ಮಾವ.

ಇಂಗ್ಲಿಷಿನಲ್ಲಿ ನಾಲ್ಕು. ನಾಲ್ಕನ್ನೂ ಒಬ್ಬ ಕೊಂಡಿಟ್ಟಿದ್ದಾನೆ.
ಅಂಗಡಿ ಇಟ್ಟಿಲ್ಲ, ಬಾಗಿಲೂ ಇಲ್ಲ,
ಒಂದೇ ಸಾಲು: ಈ ಹೆಸರು ಮಾರಾಟಕ್ಕಿದೆ.
ಯಾರೆಂದು ನೋಡಿದರೆ ಅಲ್ಲೊಂದು ಮುಸುಕು.
ಹೆಸರು ಮಾರುವವ ತನ್ನದನ್ನು ಮಾತ್ರ ತೋರಿಸುವುದಿಲ್ಲ.

ಕ್ರಯ ಕೇಳು ಅಂದೆ. ಕೇಳಿದ್ದೇ ತಪ್ಪು.
ಸೋಮವಾರ ಎರಡು ಸಾವಿರ ಡಾಲರು,
ಶುಕ್ರವಾರ ಮೂರು ಸಾವಿರದ ಇನ್ನೂರು.
ಬೇರೆ ಪಾರ್ಟಿ ಉಂಟಂತೆ.
ಸೀತಾಂಗೋಳಿಯ ಬ್ರೋಕರ್ ದೂಮಣ್ಣನೂ ಹೀಗೇ,
ಹತ್ತು ಸೆಂಟು ತೋರಿಸಿ, ಬೀಡಿ ಹಚ್ಚಿ, ದೂರ ನೋಡುತ್ತಾ
ಬೇರೆ ಪಾರ್ಟಿ ಉಂಟು ಅನ್ನುತ್ತಾನೆ.
ಆದರೂ ದೂಮಣ್ಣನ ಚಪ್ಪಲಿಗೆ
ಆ ಜಾಗದ ಕೆಂಪು ಧೂಳು ಹತ್ತಿರುತ್ತದೆ.

ಇವನು ಬರೆದಿದ್ದಾನೆ: ಚಿಕ್ಕದು, ಚೊಕ್ಕದು,
ಫ್ಯಾಷನ್ ಕಂಪೆನಿಗೂ ಆದೀತು, ಬ್ಯಾಂಕಿಗೂ ಆದೀತು.
ಅಯ್ಯಾ, ಅದು ಬರೀ ಮುರಕಲ್ಲಿನ ಬಯಲು.
ಮುಳಿಹುಲ್ಲು ಬಿಟ್ಟರೆ ಏನೂ ಆಗದು,
ಗುದ್ದಲಿ ಹಾಕಿದರೆ ಕಿಡಿ,
ಮಾರ್ಚಿನ ಮಧ್ಯಾಹ್ನ ನಾಯಿಯೂ ದಾಟದು.
ಸರ್ವೆಯವರು ಪುರಂಬೋಕು ಎಂದು ಬರೆದು
ಕೊಡೆ ಬಿಡಿಸಿ ಹೋದರು.
ಪುಕ್ಕಟೆ ಕೊಟ್ಟರೂ ಯಾರಿಗೂ ಬೇಡದ್ದಕ್ಕೇ
ನಮ್ಮವರನ್ನು ಅಲ್ಲಿ ಮನೆ ಕಟ್ಟಲು ಬಿಟ್ಟರು.

ಬಸ್ಸಿನ ಬೋರ್ಡಿನಲ್ಲಿ ಬದಿಯಡ್ಕ ಬದಿಯಡುಕ್ಕವಾದಾಗ
ಬರೆದ ಕೈ ನನ್ನದೇ.
ಅಕ್ಷರಕ್ಕೆ ಹನ್ನೆರಡು ರೂಪಾಯಿ ಆಗಿನ ದರ,
ಒಂದಕ್ಷರ ಹೆಚ್ಚು ಸಿಕ್ಕಿತು.
ಒತ್ತಿಗೆಂದು ಬೇರೆ ಹಣ ನಾನು ಯಾವತ್ತೂ ಕೇಳಿದವನಲ್ಲ.

ಐದು ಸಾವಿರ ಕೊಡ್ತೇವೆ ಅಂತ ಬರೆದಳು ಹರಿಣಾಕ್ಷಿ. ರೂಪಾಯಿ.
ನಗುವ ಮುಖದ ಚಿತ್ರವೊಂದು ಬಂತು.
ಅಷ್ಟೇ ಉತ್ತರ.

ರಾತ್ರಿ ಊಟಕ್ಕೆ ಕೂತಾಗ ಅವಳೇ ಕೇಳಿದಳು,
ನಿಮ್ಮನ್ನು ಶಾಲೆಯಲ್ಲಿ ಏನಂತ ಕರೀತಿದ್ರು?
ಬಾಯಲ್ಲಿ ಬಂಗುಡೆ. ಮುಳ್ಳು ತೆಗೆದಿಟ್ಟು ಹೇಳಿದೆ:
ಅಡ್ಕದ ಐತ.
ಐತಾರ ಹುಟ್ಟಿದ್ದಕ್ಕೆ ಐತ.
ಅಡ್ಕದ ಅಂತ ಮಾಸ್ಟ್ರು ಸೇರಿಸಿದ್ದು,
ಹಿಂದಿನ ಬೆಂಚು ತೋರಿಸುವಾಗ.

ಅವಳು ಒತ್ತಿ ನೋಡಿದಳು.
ಖಾಲಿ ಉಂಟು ಮಾವ!
ಇಡೀ ಲೋಕದಲ್ಲಿ ಒಬ್ಬನಿಗೂ ಬೇಡವಾಗಿತ್ತು ಅದು.
ವರ್ಷಕ್ಕೆ ಎಂಟುನೂರ ಮೂವತ್ತು.

ಹೋದ ವಾರ ಆ ಮುಸುಕಿನವ ಮತ್ತೆ ಬರೆದಿದ್ದಾನೆ,
ಕ್ರಯ ಇಳಿಸಿದ್ದೇನೆ, ಮನಸ್ಸುಂಟೋ?
ಉತ್ತರ ಬೇಡ ಅಂದಳು ಹರಿಣಾಕ್ಷಿ.
ನನಗೆ ಮಾತ್ರ ಒಂದು ಸಾಲು ಬರೆಸಬೇಕೆಂದಿತ್ತು:
ಒಮ್ಮೆ ಬಾ, ಮಾರ್ಚಿನಲ್ಲಿ.
ಕೊಂಡದ್ದರ ಮೇಲೆ ಸ್ವಲ್ಪ ನಡೆದು ನೋಡು.
ಚಪ್ಪಲಿ ಬೇಡ.