ಅಂಚಿನಲ್ಲಿ ಬರೆದದ್ದು

ತಿಂಗಳಿಗೊಂದು ಮಂಗಳವಾರ ಹೋಗುತ್ತೇನೆ,
ಪ್ರಶ್ನೆಗಳ ಹಾಳೆ ಚೀಲದಲ್ಲಿಟ್ಟು, ಟ್ರಾಮ್ ಹತ್ತಿ,
ವುಜ್ ಪಟ್ಟಣದ ಹಳೇ ಗಿರಣಿ ಬೀದಿಗೆ.
ವುಜ್ ಎಂದರೆ ನಮ್ಮ ಪೋಲಿಷ್ ಮಾತಿನಲ್ಲಿ ದೋಣಿ.
ದೋಣಿಯ ಹೆಸರಿದೆ, ಹೊಳೆ ಕಾಣುವುದಿಲ್ಲ.
ಎಂದೋ ಕೊಳವೆಗೆ ತುಂಬಿ, ಮೇಲೆ ಕಲ್ಲು ಹಾಸಿ,
ಮರೆತಿದ್ದಾರೆ.

ನಾಲ್ಕನೇ ಮಹಡಿ. ಲಿಫ್ಟ್ ಇಲ್ಲ.
ಬಾಗಿಲಿಗೆ ಬರಲು ಓಟಿಲಿಯಾ ಪಾವ್ಲಿಕ್ ತೆಗೆದುಕೊಳ್ಳುವ ಹೊತ್ತೇ
ಮೊದಲ ಉತ್ತರ; ಅದನ್ನು ತುಂಬಲು ಚೌಕವಿಲ್ಲ.

ಮಜ್ಜೆಯ ಕ್ಯಾನ್ಸರ್. ಬೆನ್ನಿನ ಮಣಿಗಳು ಕುಸಿದು
ಎರಡು ವರ್ಷದಲ್ಲಿ ನಾಲ್ಕು ಸೆಂಟಿಮೀಟರ್ ಗಿಡ್ಡ.
"ಮೊದಲು ಟೇಪಿಗೆ ಗೊತ್ತಾಯಿತು, ಆಮೇಲೆ ಡಾಕ್ಟರಿಗೆ."
ತಮ್ಮ ಲಂಗಗಳನ್ನೆಲ್ಲ ತಾವೇ ಮಡಿಚಿ ಹೊಲಿದಿದ್ದಾರೆ,
ಸಡಿಲ ಹೊಲಿಗೆ, ಬಿಚ್ಚಲು ಬರುವಂತೆ.

ಕಳೆದ ಏಳು ದಿನಗಳಲ್ಲಿ ನಿಮಗೆ ಆಯಾಸವಾಯಿತೇ?
ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ.

"ಯಾವ ಆಯಾಸ?
ಗಿರಣಿಯ ರಾತ್ರಿ ಪಾಳಿ ಮುಗಿಸಿ ಬಂದು
ಮಗುವಿಗೆ ಹಾಲು ಕಾಯಿಸುತ್ತ ನಿಂತಲ್ಲೇ ತೂಕಡಿಸುತ್ತಿದ್ದೆ.
ಅದು ಆಯಾಸ. ಮಲಗಿದರೆ ಹೋಗುತ್ತಿತ್ತು.
ಇದು ಮಲಗಿ ಎದ್ದ ಮೇಲೆ ಬರುತ್ತದೆ.
ಇದಕ್ಕೆ ಬೇರೆ ಹೆಸರಿಡಿ, ಆಮೇಲೆ ಕೇಳಿ."

'ತುಂಬಾ' ಎಂದು ಗುರುತು ಹಾಕುತ್ತೇನೆ.

ಅವರಮ್ಮ ಹೇಳುತ್ತಿದ್ದರಂತೆ, ಹೊಳೆ ಇನ್ನೂ ಬಯಲಲ್ಲಿದ್ದ ಕಾಲ:
ಒಂದು ದಿನ ನೀಲಿ, ಒಂದು ದಿನ ಕೆಂಪು.
ಯಾವ ಗಿರಣಿ ಯಾವ ಬಣ್ಣ ಕಲಸಿದೆ ಎಂದು
ನೀರು ನೋಡಿ ಹೇಳುತ್ತಿದ್ದರು ಬೀದಿಯ ಮಕ್ಕಳು.
"ನೀವೂ ಅಷ್ಟೇ ತಾನೇ? ಸೀಸೆಯಲ್ಲಿ ನನ್ನ ನೆತ್ತರು ಹಿಡಿದು
ಒಳಗೆ ಯಾವ ಗಿರಣಿ ನಡೆದಿದೆ ಎಂದು ನೋಡುವವರು."

ಹೋದ ವಸಂತದಲ್ಲಿ ಪಕ್ಕದ ಮನೆ ಹುಡುಗಿಯ ಮದುವೆ ನಿಲುವಂಗಿ.
ಬಿಳಿ. ಅಂಚು ಮಡಿಚುವುದಷ್ಟೇ ಬಾಕಿ.
ಸೂಜಿ ಚುಚ್ಚಿದ್ದು ಬೆರಳಿಗೆ ತಿಳಿಯಲಿಲ್ಲ, ಕಣ್ಣಿಗೆ ತಿಳಿಯಿತು:
ಬಟ್ಟೆಯ ಮೇಲೆ ಸಾಸಿವೆಯಷ್ಟು ಕೆಂಪು.
ಬೆರಳನ್ನು ಕಾಯಿಲೆ ಬಿಟ್ಟಿತ್ತು, ಔಷಧಿ ಬಿಡಲಿಲ್ಲ.
ದರ್ಜಿಗಳ ಹಳೇ ಮದ್ದು ಒಂದಿದೆ:
ತನ್ನ ನೆತ್ತರಿನ ಕಲೆಗೆ ತನ್ನ ಎಂಜಲೇ ಆಗಬೇಕು.
ಬಾಯಿ ಒಣಗಿತ್ತು.

ಹದಿನಾಲ್ಕನೇ ಪ್ರಶ್ನೆ, ಎಂದೆ. ನಕ್ಕರು. ನಾನೂ ನಕ್ಕೆ.
ಕಲೆ ಹೋಯಿತೇ?
"ಅದು ನಿಮ್ಮ ಹಾಳೆಯಲ್ಲಿದೆಯೇ?"

ಇರಲಿಲ್ಲ. ಅಂಚಿನಲ್ಲಿ ಬರೆದುಕೊಂಡೆ, ಸಣ್ಣ ಅಕ್ಷರದಲ್ಲಿ.
ಅಂಚಿನದ್ದನ್ನು ಯಂತ್ರ ಓದುವುದಿಲ್ಲ.

ಚಳಿಗಾಲಕ್ಕೆ ಫಲಿತಾಂಶ ಬಂತು. ಇನ್ನೂರ ಹನ್ನೆರಡು ಜನ.
ಆಯಾಸದ ಸರಾಸರಿ ಐವತ್ತೆಂಟು ಪಾಯಿಂಟ್ ಮೂರು,
ಹೊಸ ಮಾತ್ರೆ ನುಂಗಿದವರಲ್ಲಿ ಆರು ಕಡಿಮೆ.
ಆರು ಕಡಿಮೆ! ವಿಭಾಗದಲ್ಲಿ ಕೇಕು ಕೊಯ್ದೆವು.
ಸುಳ್ಳಲ್ಲ ಆ ಆರು. ಅದರ ಬಲದಲ್ಲಿ ಯಾರೋ ಎಲ್ಲೋ
ಒಂದು ಮಹಡಿ ಹೆಚ್ಚು ಹತ್ತಿರಬೇಕು.

ಕನ್ನಡಕ ಏರಿಸಿ ಓದಿದರು ಓಟಿಲಿಯಾ,
ಗಿರಾಕಿ ತಂದ ಬಟ್ಟೆಯ ನೇಯ್ಗೆ ನೋಡುವ ಹಾಗೆ.
"ಸರಾಸರಿ ಅಳತೆಗೆ ಹೊಲಿದ ಅಂಗಿ
ಇನ್ನೂರ ಹನ್ನೆರಡರಲ್ಲಿ ಒಬ್ಬರಿಗೂ ಸರಿಯಾಗುವುದಿಲ್ಲ.
ಆದರೂ ಹೊಲಿಯಬೇಕು. ಅಂಗಡಿಗೆ ಬೇಕಲ್ಲ."

ಇವತ್ತಿನ ಹಾಳೆಯಲ್ಲೊಂದು ಪ್ರಶ್ನೆ ಹೊಸದು.
ಸಮಿತಿಯಲ್ಲಿ ಜಗಳವಾಡಿ ನಾನೇ ಸೇರಿಸಿದ್ದು.
ಹೆಮ್ಮೆಯಿಂದ ಓದಿದೆ:
ಸಣ್ಣ ವಸ್ತುಗಳನ್ನು ಹಿಡಿಯಲು ಕಷ್ಟವಾಯಿತೇ?

"ಸಣ್ಣ ವಸ್ತು," ಅಂದರು. "ಅದಕ್ಕೊಂದು ಹೆಸರಿತ್ತು."
ಮೇಜಿನ ಮೇಲೆ ಸೂಜಿ, ದಾರ ನನ್ನತ್ತ ತಳ್ಳಿದರು.
"ಪೋಣಿಸು."

ಪೆನ್ನು ಕೆಳಗಿಟ್ಟೆ. ದಾರದ ತುದಿ ನಾಲಿಗೆಗೊತ್ತಿದೆ.
ಒಂದು ಸಲ ತಪ್ಪಿತು. ಎರಡು ಸಲ.
ಕೆಳಗೆ ಟ್ರಾಮ್ ಹಾದುಹೋಯಿತು; ಅದರ ಕೆಳಗೆ, ಕೊಳವೆಯಲ್ಲಿ,
ಬಣ್ಣವಿಲ್ಲದ ಹೊಳೆ ಹೋಗುತ್ತಿರಬೇಕು.
ಅವರು ಕೈ ಚಾಚಿಕೊಂಡೇ ಕೂತಿದ್ದರು.