ಬ್ರೋಮೈಡ್ ಬೀದಿಯ ಬಚ್ಚಲಲ್ಲಿ

ಎರಡು ವರ್ಷ ನನ್ನ ಆಕಾಶಗಳಿಗೆಲ್ಲ ಒಂದೇ ಹಕ್ಕಿ,
ಎಡಗಡೆ, ಮೇಲೆ, ಹಾರದೆ.
ಮೆನಿಂಡೀ ಕೆರೆಯ ಮೇಲೆ, ರೈಲು ನಿಲ್ದಾಣದ ಮೇಲೆ,
ಆಸ್ಪತ್ರೆಯ ಕ್ರಿಸ್ಮಸ್ ಊಟದಲ್ಲಿ
ಮೇಟ್ರನ್ ಹಣೆಯಲ್ಲಿ, ಜಾಗ ತಪ್ಪಿದ ಕುಂಕುಮದ ಹಾಗೆ.

ಧೂಳೆಂದು ಮೊದಲೇ ತಿಳಿಯಬೇಕಿತ್ತು
ಎಕ್ಸ್‌ರೇ ತೆಗೆಯುವವಳಿಗೆ.
ದಿನಕ್ಕೆ ಹತ್ತು ಸಲ ಕೇಳಿಕೊಳ್ಳುತ್ತೇನೆ:
ಈ ಚುಕ್ಕೆ ಎದೆಯಲ್ಲಿದೆಯೋ, ಯಂತ್ರದಲ್ಲೋ?

ಅಡಿಲೇಡಿನ ಅಂಗಡಿಯವನು ಫೋನಿನಲ್ಲಿ
ಮೂರು ವಾರ ಎಂದ, ನೂರಾ ನಲವತ್ತು ಡಾಲರ್ ಎಂದ.
ಐನೂರು ಕಿಲೋಮೀಟರ್ ಹೋಗಿ ತೊಳೆಸಿಕೊಂಡದ್ದು
ವಾಪಸು ಬರುವುದು ಇದೇ ಕೆಂಪು ಗಾಳಿಯಲ್ಲಲ್ಲವೇ?
"ತಾ ಇಲ್ಲಿ" ಎಂದರು ಪಕ್ಕದ ಮನೆಯ ಟ್ರೆವಾರೋ.
ಎಪ್ಪತ್ತೆಂಟು ವಯಸ್ಸು, ಗಣಿಯಲ್ಲಿ ಮೂವತ್ತೊಂದು ವರ್ಷ,
ಈಗ ಊರವರ ಗಡಿಯಾರ ಬಿಚ್ಚಿ ಜೋಡಿಸುವವರು.

ಬ್ರೋಕನ್ ಹಿಲ್‌ನ ಬೀದಿಗಳಿಗೆ ಗಣಿಯ ಹೆಸರು:
ಆಕ್ಸೈಡ್, ಕ್ಲೋರೈಡ್, ಅಯೊಡೈಡ್. ನಮ್ಮದು ಬ್ರೋಮೈಡ್.
ಇಲ್ಲಿಯ ಬೆಳ್ಳಿ ಒಂದು ಕಾಲಕ್ಕೆ ಫಿಲ್ಮಿಗೆ ಹೋಗಿ
ಯಾರದೋ ಮದುವೆ, ಯಾರದೋ ಮಗು ಆಗಿರಬೇಕು.
"ಫಿಲ್ಮಿಗೆ ಈ ಕಾಟ ಇರಲಿಲ್ಲ," ಅವರೆಂದರು,
"ಒಂದೊಂದು ಚಿತ್ರಕ್ಕೂ ಹೊಸ ಕಣ್ಣು.
ನಿನ್ನದಕ್ಕೆ ಇರುವುದೇ ಒಂದು."

ಬಚ್ಚಲಲ್ಲಿ ಬಿಸಿನೀರು ಬಿಟ್ಟು, ಗೋಡೆಗಳು ಬೆವರಿ,
ಗಾಳಿಯ ಧೂಳು ನೆಲ ಹಿಡಿಯಲೆಂದು ಕಾದು
ಟಬ್ಬಿನ ಅಂಚಿಗೆ ಕೂತೆವು.
ಬ್ಯಾಟರಿ ತುಂಬಿದೆಯಾ? ನಡುವೆ ಕನ್ನಡಿ ಬಿದ್ದರೆ ಕೆಟ್ಟಿತು.
ಲೆನ್ಸ್ ಕಳಚಿದೆ. ಕನ್ನಡಿ ರೆಪ್ಪೆಯಂತೆ ಮೇಲೆದ್ದಿತು.
ಪುಟ್ಟ ಹೊಂಡ; ಅದರ ತಳದಲ್ಲಿ ನೇರಳೆ, ಹಸಿರು,
ಪಾರಿವಾಳದ ಕತ್ತಿನ ಹೊಳಪು.
"ಕೆಳಗೆ ನೋಡು. ಆಕಾಶ ಬೀಳುವುದು ಕೆಳಗೆ."

ಊದಲು ಬಾಗಿದೆ.
ಥಟ್ಟನೆ ಅವರ ಅಂಗೈ ನನ್ನ ಬಾಯಿಗೆ ಅಡ್ಡ:
"ಉಸಿರು ಮಾತ್ರ ಬೇಡ. ಉಸಿರಲ್ಲಿ ನೀರಿದೆ."

ನಮ್ಮಲ್ಲಿ ಕಣ್ಣಿಗೆ ಕಸ ಬಿದ್ದರೆ ಮೊದಲು ಬರುವುದೇ ಬಾಯಿ.
ಹೊಸಪೇಟೆ ರಸ್ತೆಯಲ್ಲಿ ಅದಿರಿನ ಲಾರಿ ಹೋದಾಗಲೆಲ್ಲ
ಗೌರವ್ವ ಚಿಗವ್ವ ರೆಪ್ಪೆ ಹಿಡಿದು ಉಫ್ ಎನ್ನುತ್ತಿದ್ದಳು.
ಸೆರಗಿನ ತುದಿ ಉಂಡೆ ಮಾಡಿ, ಹಾ ಎಂದು ಬಿಸಿ ಊದಿ
ಕಣ್ಣಿಗೊತ್ತಿ, "ಹೋತೇನು? ಇನ್ನೊಮ್ಮಿ ಊದ್ಲೇನು?"
ಹೋಗಿದ್ದರೂ ನಾನು ಇನ್ನೊಮ್ಮಿ ಎನ್ನುತ್ತಿದ್ದೆ.

ಈ ಕಣ್ಣಿಗೆ ಉಸಿರೂ ಆಗದು, ಸೆರಗೂ ಆಗದು.
ರಬ್ಬರಿನ ಬುರುಡೆ ಹಿಚುಕಿದೆ ಹತ್ತು ಸಲ. ಹಕ್ಕಿ ಕದಲಲಿಲ್ಲ.
ಆಮೇಲೆ ಕಡ್ಡಿ. ಅದರ ಬಟ್ಟೆಗೆ ಎರಡೇ ಹನಿ ದ್ರವ,
ಮೂರನೆಯದು ಬಿದ್ದರೆ ಕಲೆ.
ಟ್ರೆವಾರೋ ಬೆರಳು ನಡುಗುತ್ತಿತ್ತು. ಕಡ್ಡಿ ನನಗೆ ಕೊಟ್ಟು
ತಾವು ಟಾರ್ಚ್ ಹಿಡಿದರು.
"ಒಂದೇ ಎಳೆತ, ಎಡದಿಂದ ಬಲಕ್ಕೆ. ನಡುವೆ ನಿಲ್ಲಬೇಡ."
ಉಸಿರು ಬಿಗಿ ಹಿಡಿದು ಎಳೆದೆ.
ಬಚ್ಚಲಲ್ಲಿ ಕೇಳುತ್ತಿದ್ದದ್ದು ಅವರದೊಂದೇ,
ಹಸಿ ಕಟ್ಟಿಗೆ ಒಲೆಯಲ್ಲಿ ಸುಯ್ ಎನ್ನುವ ಹಾಗೆ.

ಆ ಎದೆಯ ಚಿತ್ರ ತೆಗೆದವಳು ನಾನೇ, ಮಾರ್ಚಿನಲ್ಲಿ.
ಮೇಲ್ಭಾಗದ ತುಂಬ ನುಚ್ಚು ಚೆಲ್ಲಿದಂತೆ ಚುಕ್ಕೆ.
ಪ್ಲೇಟು ಒರೆಸಿದೆ. ಮತ್ತೆ ತೆಗೆದೆ. ಮತ್ತೆ ಒರೆಸಿದೆ.
ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವರು
"ನಿನ್ನ ಯಂತ್ರ ನೆಟ್ಟಗೇ ಇದೆ, ಹುಡುಗಿ" ಎಂದಿದ್ದರು.

ಹಿತ್ತಲಿಗೆ ಬಂದು, ಎಫ್ ಇಪ್ಪತ್ತೆರಡಕ್ಕೆ ತಿರುಗಿಸಿ
ಬರೀ ಆಕಾಶ ತೆಗೆದೆ.
ದೊಡ್ಡದು ಮಾಡಿ ನೋಡಿದೆವು, ಮೂಲೆಯಿಂದ ಮೂಲೆಗೆ,
ಮೊರದಲ್ಲಿ ಕಲ್ಲು ಆರಿಸುವವರಂತೆ.
ಹಕ್ಕಿ ಇರಲಿಲ್ಲ.
ಬಲಕ್ಕೆ, ಕೆಳಗೆ, ಇನ್ನೊಂದು. ಸಣ್ಣದು. ಹೊಸದು.

"ಕಡ್ಡಿ ಇನ್ನೊಂದಿದೆಯಾ?"
"ಇದೆ."
"ಹಾಗಾದರೆ ಮತ್ತೆ ಬಿಸಿನೀರು ಬಿಡು, ಹೋಗು.
ಅಷ್ಟರಲ್ಲಿ ನಾನು ಇಲ್ಲೇ ಕೂತು
ಒಂದಿಷ್ಟು ಉಸಿರು ತಗೊಳ್ತೀನಿ."