ಹೆಚ್ಚಿಗೆ ಒಂದು ಪೇಟೆ

ಅಮ್ಮತ್ತಿಯಿಂದ ಒಳಗೆ, ಕಾಫಿ ಕಣ ದಾಟಿದರೆ ನಮ್ಮ ಶಾಲೆ.
ಅರವತ್ತೇಳು ತಟ್ಟೆ, ಒಂದು ಸೌಟು, ನಾನು.
ಟೀಚರಿಗೆ ಮಕ್ಕಳ ಮಾರ್ಕು ಗೊತ್ತು,
ನನಗೆ ಹಸಿವು:
ಸಾರು ಬೀಳುವ ಮೊದಲೇ ಬೆರಳು ನೆಕ್ಕುವವರು ಯಾರು,
ತಂಗಿಗೆಂದು ಬಾಳೆಹಣ್ಣು ಜೇಬಿಗಿಳಿಸುವವರು ಯಾರು,
ಬುಧವಾರ ಮಾತ್ರ ಹೊಟ್ಟೆನೋವು ಅನ್ನುವವನು ಯಾರು.

ಬುಧವಾರ ಮೊಟ್ಟೆ.

ರಫೀಕುಲ್, ಏಳನೇ ಕ್ಲಾಸು, ಲೈನ್ ಮನೆಯ ಹುಡುಗ.
ಅಪ್ಪ ಅಮ್ಮ ಅಸ್ಸಾಮಿನಿಂದ ಕುಯ್ಲಿಗೆ ಬಂದವರು, ಉಳಿದುಕೊಂಡರು.
ಅವನ ಕನ್ನಡಕ್ಕೆ ಎರಡೇ ವರ್ಷ, ಇನ್ನೂ ಹಾಲುಹಲ್ಲು,
'ಣ' ಕಚ್ಚಲು ಬರುವುದಿಲ್ಲ.
ಬ್ಯಾಗು ಎಳೆದ ಜೀವಿತನಿಗೆ 'ಬಿಡು ಅಣ್ಣಾ' ಅನ್ನಹೋಗಿ
'ಬಿಡು ಅನ್ನಾ' ಅಂದ.
ಸಾಲಿಗೆ ಸಾಲೇ ನಕ್ಕಿತು.
ಅಂದಿನಿಂದ ಅವನನ್ನು ಕಂಡರೆ
ನಲ್ಲಿಯ ಹತ್ತಿರ, ಗೇಟಿನ ಹತ್ತಿರ, ಕಕ್ಕಸಿನ ಹತ್ತಿರ
'ಅನ್ನ ಬೇಕಾ? ಅನ್ನ ಬೇಕಾ?'

ಆಮೇಲೆ ಮೊಟ್ಟೆ ತಟ್ಟೆಯಿಂದ ತಟ್ಟೆಗೆ ಹೋಗತೊಡಗಿತು.
ಆಮೇಲೆ ಒಂದು ಕಾಯಿದೆ ಬಂತು:
ಅವನನ್ನು ಮಾತಾಡಿಸಿದವರಿಗೆ ಐದು ರೂಪಾಯಿ ದಂಡ.
ಬೈಗುಳಕ್ಕಾದರೂ ಸದ್ದಿದೆ, ಓಡಿಹೋಗಿ ತಡೆಯಬಹುದು.
ಸುತ್ತ ಅರವತ್ತಾರು ಬಾಯಿ ಒಟ್ಟಿಗೆ ಮುಚ್ಚಿಕೊಂಡರೆ
ಯಾವ ಬಾಯಿಗೆ ಹೊಡೆಯಲಿ?

ಆದರೂ ಹೊಡೆದೆ. ಎಲ್ಲರ ಮುಂದೆ ಜೀವಿತನಿಗೆ ಸೌಟು ತೋರಿಸಿ
ಮಾನ ತೆಗೆದೆ.
ಮಾರನೆಯ ದಿನ ರಫೀಕುಲನ ಎಡಗಾಲಿನ ಚಪ್ಪಲಿ
ಸೋಲಾರ್ ಬೇಲಿಯಾಚೆ ಬಿದ್ದಿತ್ತು,
ಸಂಜೆ ಆನೆ ನಡೆಯುವ ದಾರಿಯಲ್ಲಿ.
ನನ್ನ ಸಿಟ್ಟಿನ ಬಿಲ್ಲು ಅವನು ಕಟ್ಟಿದ.

ಹೆಡ್ ಟೀಚರಿಗೆ ಹೇಳಿದೆ. ಪ್ರಾರ್ಥನೆ ಮುಗಿದ ಮೇಲೆ
'ನಾವೆಲ್ಲ ಒಂದು' ಅಂತ ಮೂರು ಸಲ ಕೂಗಿಸಿದರು.
ಎಲ್ಲರಿಗಿಂತ ಜೋರಾಗಿ ಕೂಗಿದವನು ಜೀವಿತ್.
ಟೀಚರು ಅದನ್ನು ನೋಡಿದರು, ನಾನು ನೋಡಿದೆ,
ಅಂದಿನಿಂದ ಅವರು ಊಟಕ್ಕೆ ಆಫೀಸಿಗೆ ಹೋಗದೆ
ಮಕ್ಕಳ ಸಾಲಿನ ಕೊನೆಗೆ ಚಾಪೆ ಹಾಕಿಕೊಂಡರು.

ರಾತ್ರಿ ಬೇಳೆ ಆರಿಸುತ್ತಾ ನೆನಪಾಯಿತು.
ಎರಡನೇ ಕ್ಲಾಸಿನ ಗುಂಡುಗುಂಡು ಜೀವಿತ್
ಮೂರನೇ ಸಲ ತಟ್ಟೆ ಹಿಡಿದು ಬಂದಾಗ
'ಬಂತು ನೋಡಿ ನಮ್ಮ ಆನೆಮರಿ' ಅಂದವಳು ನಾನೇ.
ಪ್ರೀತಿಯಿಂದ ಅಂದದ್ದು. ಆಣೆ ಮಾಡುತ್ತೇನೆ, ಪ್ರೀತಿಯಿಂದ.
ಸಾಲಿಗೆ ಸಾಲೇ ನಕ್ಕಿತ್ತು.
ಆಮೇಲೆ ಅವನು ಮೂರನೇ ಸಲ ಬರಲಿಲ್ಲ.
ಹೆಸರು ಮಾತ್ರ ಐದನೆಯ ಕ್ಲಾಸಿನವರೆಗೂ ಅವನ ಹಿಂದೆ ಬಂತು,
ಅವನ ಕೈ ಗಟ್ಟಿಯಾಗುವವರೆಗೆ.

ಅದರಿಂದ ಇದು ಸರಿಯಾಯಿತು ಅಂತಲ್ಲ.
ಒಂದು ಗಾಯದ ಲೆಕ್ಕ ಇನ್ನೊಂದು ಮೈಮೇಲೆ ಬರೆಯಬಾರದು,
ಅಷ್ಟು ನನಗೂ ಗೊತ್ತು.
ಆದರೆ ಮೊದಲ ಅಕ್ಷರ ನನ್ನದು.

ತಟ್ಟೆ ತೊಳೆಯುವಾಗ ನಲ್ಲಿಯ ಹತ್ತಿರ, ಯಾರೂ ಇಲ್ಲದಾಗ,
ಹೇಳಿದೆ: ಆ ಹೆಸರು ಇಟ್ಟದ್ದು ತಪ್ಪಾಯಿತು ಕಂದ.
ಮೊಟ್ಟೆ ಮಾತ್ರ ಇನ್ನು ನಿನ್ನ ತಟ್ಟೆಯಲ್ಲಿ ಒಂದೇ ಇರಬೇಕು.
ಅವನು ತೊಳೆದ ತಟ್ಟೆಯನ್ನೇ ಮತ್ತೆ ತೊಳೆದ.
ಮತ್ತೆ ತೊಳೆದ.
ಮಾತಾಡಲಿಲ್ಲ.

ನಾನು ಕಾದದ್ದು ಅವನಿಂದ. ಎದ್ದು ಬಂದವಳು ಸಜ್ನಾ,
ಆರನೆಯ ಕ್ಲಾಸಿನ ಒಣಕಲು ಹುಡುಗಿ.
ಜೀವಿತನ ಮುಂದೆ ಹತ್ತರ ನೋಟು ಇಟ್ಟಳು:
'ಎರಡು ಮಾತಿನ ದಂಡ. ಮುಂಗಡ.'
ತಟ್ಟೆ ಎತ್ತಿಕೊಂಡು ರಫೀಕುಲನ ಪಕ್ಕ ಕೂತಳು.
'ನಿಮ್ಮ ಊರು ಯಾವುದು?'
'ಬರಪೇಟ.'
ಬೆರಳು ಮಡಚಿದಳು: ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ...
'ನಮ್ಮದೇ ಸಾಲಿನದ್ದು. ಒಂದು ಹೆಚ್ಚಿಗೆ.'
ಅದು ಮೂರನೇ ಮಾತು. ಜೀವಿತ್ ಲೆಕ್ಕ ಕೇಳಲಿಲ್ಲ.

ಇವತ್ತು ಬುಧವಾರ.
ರಫೀಕುಲ್ ಮೊಟ್ಟೆಯ ಬಿಳಿ ತಿಂದು ಹಳದಿ ಕೊನೆಗಿಟ್ಟುಕೊಂಡ.
ಹತ್ತರ ನೋಟು ಇನ್ನೂ ಟೀಚರ ಮೇಜಿನ ಗಾಜಿನ ಕೆಳಗಿದೆ.
ಚಪ್ಪಲಿ ಇನ್ನೂ ಬೇಲಿಯಾಚೆ.
ಜೀವಿತ್ ಒಬ್ಬನೇ ಕಂಬಕ್ಕೊರಗಿ ಉಣ್ಣುತ್ತಾ
ಎರಡು ಸಲ ಅತ್ತ ನೋಡಿದ.
ಸೌಟು ತೊಳೆಯುತ್ತಾ ನಾನು
ಅದನ್ನೂ ಎಣಿಸಿದೆ.